ಮಂಜಿಗೆ ಗಿಳಿಹಸಿರು ಅಸ್ತರ

ಹೋದ ಭಾನುವಾರ ಸಂಜೆ ಶಿಗ್ಗಾಂವಿಯ ಒಂದು ಸಭಾಂಗಣದಲ್ಲಿ ಬ್ಯಾಲೆ ಮುಗಿದು ಜನ ಚಪ್ಪಾಳೆ ತಟ್ಟುತ್ತಿದ್ದರು. ಆಗ ಮೊದಲನೇ ಸಾಲಿನಲ್ಲಿ ಕೂತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಆಮೇಲೆ ಮೇಲಿನ ತಗಡು ನಡುಗುವಂತೆ ಕೂಗಿದರು.

"ಒನ್ಸ್ ಮೋರ್!"

ಹೌದು, ಬ್ಯಾಲೆಗೆ. ಕೆಮ್ಮು ಬಂದರೂ ನುಂಗಿಕೊಂಡು ನೋಡಬೇಕು ಎಂದು ಮೈಕಿನಲ್ಲಿ ಎರಡೆರಡು ಸಲ ಹೇಳಿದ್ದ ಬ್ಯಾಲೆಗೆ.

ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದವಳು ನಾನು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳೂ ನಾನೇ. (ಕುರ್ಚಿಯ ಕೆಳಗೆ ಒಬ್ಬಳು ಅಡಗುವಷ್ಟು ಜಾಗವಿದೆಯೇ ಎಂದು ಬಗ್ಗಿ ನೋಡಿದವಳೂ ನಾನೇ. ಇರಲಿಲ್ಲ.)

ಮೊದಲಿನಿಂದ ಹೇಳುತ್ತೇನೆ.

ನಾನಿರುವುದು ಹಾನಗಲ್ಲಿನಲ್ಲಿ. ನನ್ನ ಬ್ಲೌಸುಗಳು ಹುಟ್ಟುವುದು ಸವಣೂರಿನಲ್ಲಿ. ಹಾನಗಲ್ಲಿನಲ್ಲಿ ಟೇಲರುಗಳಿಲ್ಲವೇ? ಓಣಿಗೊಬ್ಬರಿದ್ದಾರೆ. ಆದರೆ ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ತಾಸು ಕೈ ಎತ್ತಿ ಬೋರ್ಡಿನ ಮೇಲೆ ಬರೆಯುವ ನನ್ನಂಥವಳಿಗೆ, ಕಂಕುಳಲ್ಲಿ ಹಿಡಿಯದ, ಎಳೆಯದ, ಹರಿಯದ ಬ್ಲೌಸ್ ಹೊಲಿದು ಕೊಡುವವರು ಜೈತೂನಬಿ ಆಪಾ ಒಬ್ಬರೇ. ಅದಕ್ಕಾಗಿ ಎರಡು ಬಸ್ಸು ಬದಲಿಸಲೂ ನಾನು ತಯಾರು. ಈಗಂತೂ ನನ್ನದೊಂದು ಹಳೇ ಕಾರಿದೆ.

ಆಪಾ ಅರವತ್ತು ದಾಟಿದವರು. ಮನೆಯ ಪಡಸಾಲೆಯೇ ಅವರ ಅಂಗಡಿ. ಕರೆಂಟಿನ ಮಷಿನ್ ಕೊಡಿಸುತ್ತೇವೆಂದು ಮಕ್ಕಳು ಎಷ್ಟು ಹೇಳಿದರೂ ಕಾಲಲ್ಲಿ ತುಳಿಯುವ ಮಷಿನ್ ಬಿಟ್ಟಿಲ್ಲ. "ಕಾಲಿಗೆ ಕೆಲಸಿಲ್ಲಂದ್ರ ಕೈಗೆ ಬುದ್ಧಿ ಓಡೂದಿಲ್ರಿ ಬಾಯಾರ" ಅನ್ನುತ್ತಾರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಹಳೆಯ ಜನ ಇನ್ನೂ ಬಾಯಾರ ಅಂತಲೇ ಕರೆಯುತ್ತಾರೆ.

ಅವರ ತಂದೆ ನಾಟಕ ಕಂಪನಿಗಳಿಗೆ ಬಟ್ಟೆ ಹೊಲಿಯುತ್ತಿದ್ದರಂತೆ. ಸವಣೂರು, ಹಾನಗಲ್, ಹಿರೇಕೆರೂರು, ಎಲ್ಲಿ ಕಂಪನಿ ತಂಬು ಹಾಕಿದರೂ ರಾಜನ ನಿಲುವಂಗಿ, ಖಳನಾಯಕನ ಕೋಟು ಇವರ ಮನೆಗೇ ಬರುತ್ತಿದ್ದವು. ಒಂಬತ್ತು ಹತ್ತು ವರ್ಷದ ಜೈತೂನಬಿಯ ಕೆಲಸ ಚಮಕಿ ಹಚ್ಚುವುದು. ಇಡೀ ದಿನ ಕೂತು ರಾಣಿಯ ಕುಪ್ಪಸಕ್ಕೆ ಚಮಕಿ ಹಚ್ಚಿದ ಹುಡುಗಿ, ಆ ರಾಣಿ ದೀಪದ ಬೆಳಕಿಗೆ ಬಂದಾಗ ಅದು ಹೇಗೆ ಹೊಳೆಯಿತೆಂದು ಒಂದು ದಿನವೂ ನೋಡಲಿಲ್ಲ. ಹೆಣ್ಣುಹುಡುಗಿ ತಂಬಿನ ಕಡೆ ಸುಳಿಯಬಾರದು ಎಂದು ಅಬ್ಬಾ ಹೇಳಿದ್ದರು. ಅಬ್ಬಾ ಹೇಳಿದ ಮೇಲೆ ಮುಗಿಯಿತು.

"ನೋಡಿಲ್ರಿ, ಕೇಳೇನಿ," ಅಂತ ಒಮ್ಮೆ ಹೇಳಿದ್ದರು. "ಮೈದಾನದಾಗ ತಂಬು, ಹಿತ್ತಲದಾಗ ನಾವು. ಹಾಡು ಅಷ್ಟು ಛಂದ ಕೇಳ್ತಿರಲಿಲ್ಲ. ಆದ್ರ ಮಂದಿ ಒನ್ಸ್ ಮೋರ್ ಅಂತಿದ್ರಲ್ಲ, ಅದು ಮಾತ್ರ ಖಡಕ್ ಕೇಳತಿತ್ತು. ಇನ್ನೊಮ್ಮೆ ನೋಡೂವಂಥಾದ್ದು ಏನೋ ಆತು ಅನ್ಕೋತಿದ್ದೆ."

ಆಮೇಲೆ ಮದುವೆ, ಮಕ್ಕಳು. ಅಷ್ಟರಲ್ಲಿ ಕಂಪನಿಗಳೂ ಈ ಕಡೆ ಬರುವುದು ಕಡಿಮೆಯಾಯಿತು. ಆಪಾ ಬ್ಲೌಸಿಗೆ ಇಳಿದರು.

ಈಗ ಭಾನುವಾರಕ್ಕೆ ಬರೋಣ. ನನ್ನ ಜೊತೆ ಶಾಲೆ ಕಲಿತ ವಿಜಯೀಂದ್ರ ಶಿಗ್ಗಾಂವಿಯಲ್ಲಿ ವಕೀಲ. ಕಲೆ, ಸಂಗೀತ ಅಂದರೆ ಕಕ್ಷಿದಾರರನ್ನೂ ಮರೆಯುವವನು. ಪುಣೆಯಲ್ಲಿ ಪ್ರದರ್ಶನ ಮುಗಿಸಿ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟಿದ್ದ ಏಳು ಜನರ ಒಂದು ಬ್ಯಾಲೆ ತಂಡಕ್ಕೆ ಗಂಟುಬಿದ್ದು, ಹೇಗೂ ಹೈವೇ ನಮ್ಮೂರ ಮೇಲೆಯೇ ಹೋಗುತ್ತದಲ್ಲ, ಒಂದು ಸಂಜೆ ನಿಂತು ನಮ್ಮ ಜನರಿಗೂ ಕುಣಿದು ತೋರಿಸಿ ಹೋಗಿ ಎಂದು ಒಪ್ಪಿಸಿಬಿಟ್ಟಿದ್ದ. ನನಗೂ ಒಂದು ಪಾಸು ಕೊಟ್ಟಿದ್ದ. ಜೀವನದಲ್ಲಿ ಮೊದಲ ಸಲ ಎದುರಿಗೆ ಕೂತು ಬ್ಯಾಲೆ ನೋಡುವುದು! ಗಿಳಿಹಸಿರು ಬ್ಲೌಸೇ ಆಗಬೇಕು ಅನ್ನಿಸಿತು. ಅದಕ್ಕೇ ಭಾನುವಾರ ಬೆಳಿಗ್ಗೆ ಸವಣೂರಿಗೆ ಹೋಗಿ ಆಪಾ ಎದುರು ಕೂತಿದ್ದೆ. ಬ್ಲೌಸ್ ಇನ್ನೂ ತುಂಡು ತುಂಡಾಗಿತ್ತು.

ಆಗ ವಿಜಯೀಂದ್ರನ ಫೋನ್ ಬಂತು. ನಾನು ಬ್ಯಾಗಿನಲ್ಲಿ ಕನ್ನಡಕ ಹುಡುಕುತ್ತಿದ್ದೆ, ಹಾಗಾಗಿ ಸ್ಪೀಕರ್ ಹಾಕಿ ಕೆಳಗಿಟ್ಟೆ.

"ಎಲ್ಲಿದ್ದೀ? ನಿನಗ ಯಾರರೆ ಛಲೋ ಟೇಲರ್ ಗೊತ್ತಿದ್ದಾರೇನು? ಹೀರೋಯಿನ್ ಅಂಗಿ ಹರದದ. ಅವರ ಅರಿವಿ ನೋಡ್ಕೊಳ್ಳಾಕಿ ಜ್ವರ ಬಂದು ಪುಣೆದಾಗ ಮಲಗ್ಯಾಳ. ಎರಡನೇ ಅಂಗಿ ಸಾಮಾನಿನ ಜೋಡಿ ನಿನ್ನೇನ ಬೆಂಗಳೂರಿಗೆ ಹೋಗ್ಯದ. ಇಲ್ಲೆ ಇಬ್ಬರನ್ನ ಕರಸಿದೆ, ನೋಡಿ ಕೈ ಮುಗದು ಹೋದ್ರು. ಆಕಿ ಇಲ್ಲಂದ್ರ ಆಟಾನ ಇಲ್ಲ."

ಆಪಾ ಮಷಿನ್ ನಿಲ್ಲಿಸದೆ, ತಲೆ ಎತ್ತದೆ ಹೇಳಿದರು. "ಎಲ್ಲಿ ಹರದೈತಂತ ಕೇಳ್ರಿ."

"ಎಡಗಡೆ, ಕಂಕುಳದಿಂದ ಹಿಂದಿನ ಹುಕ್ಕಿನ ತನಕ."

ಮಷಿನ್ ನಿಂತಿತು. "ತೋಳು ಎತ್ತತಾಳೇನು?"

"ತೋಳು ಎತ್ತದs ಹೆಂಗ್ರೀ? ಬ್ಯಾಲೆ ಅದು! ಒಬ್ಬಾವ ಆಕೀನ್ನ ತಲಿಮ್ಯಾಲೆ ಎತ್ತಿ ಹಿಡೀತಾನ!"

ಆಪಾ ಸೂಜಿಯ ಕೆಳಗಿನ ಬಟ್ಟೆ ತೆಗೆದಿಟ್ಟರು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು, ದೂರದವರ ಜೊತೆ ಮಾತಾಡುವ ದೊಡ್ಡ ದನಿಯಲ್ಲಿ ಹೇಳಿದರು. "ಬರ್ತೇನ್ರಿ. ಆದ್ರ ಒಂದು ಮಾತು. ಹೊಲದು ಕೊಟ್ಟು ಹಿಂದಿನ ಬಾಗಲದಾಗ ನಿಂದರಾಕಿ ಅಲ್ಲ ನಾ. ಮುಂದ ಕುಂದರಸಬೇಕು ನನ್ನ. ಮಂದಿ ಕುಂತು ನೋಡ್ತಾರಲ್ಲ, ಅಲ್ಲೆ."

ವಿಜಯೀಂದ್ರ ಮೊದಲನೇ ಸಾಲಿನ ನಡುವಿನ ಕುರ್ಚಿ ಕೊಡುತ್ತೇನೆಂದ. (ಅದು ಯಾರೋ ಸಾಹೇಬರಿಗೆ ಇಟ್ಟಿದ್ದಂತೆ. ಸಾಹೇಬರು ಎರಡನೇ ಸಾಲಿಗೆ ಹೋದರು. ಅವರ ಆರೋಗ್ಯಕ್ಕೇನೂ ಆಗಲಿಲ್ಲ.)

ಬಂಕಾಪುರ ದಾಟುವಾಗ ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು. ಆಪಾ ತೊಡೆಯ ಮೇಲೆ ಬಿಸ್ಕೀಟಿನ ಹಳೇ ಡಬ್ಬಿ ಇಟ್ಟುಕೊಂಡಿದ್ದರು. ಅದರ ತುಂಬ ಸೂಜಿ, ದಾರ, ಕತ್ತರಿ. ಕಾಲ ಹತ್ತಿರದ ಚೀಲದಲ್ಲಿ ನನ್ನ ಬ್ಲೌಸಿನ ತುಂಡುಗಳು. ಅಲ್ಲೇ ಪುರುಸೊತ್ತು ಸಿಕ್ಕರೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದರು.

ಸಭಾಂಗಣದ ಪಕ್ಕದ ಒಂದು ತರಗತಿಯನ್ನೇ ಗ್ರೀನ್ ರೂಮ್ ಮಾಡಿದ್ದರು. ಬಾಗಿಲಲ್ಲಿ ಆಪಾ ಗಕ್ಕನೆ ನಿಂತರು. ಒಳಗೆ ನಾಲ್ಕು ಹುಡುಗಿಯರು ಜಮಖಾನದ ಮೇಲೆ ಕಾಲು ಚಾಚಿ ಕೂತಿದ್ದರು. ಎಲ್ಲರ ಕೈಯಲ್ಲೂ ಸೂಜಿ. ಗುಲಾಬಿ ಬಣ್ಣದ ನುಣುಪು ಶೂಗಳಿಗೆ ತಾವೇ ರಿಬ್ಬನ್ ಹೊಲಿದುಕೊಳ್ಳುತ್ತಿದ್ದರು. ಯಾರ ಶೂ ಅವರೇ ಹೊಲಿದುಕೊಳ್ಳಬೇಕಂತೆ. ತನ್ನ ಕಾಲಿನ ಹದ ತನಗಷ್ಟೇ ಗೊತ್ತಿರುತ್ತದೆ, ಬೇರೆಯವರು ಹೊಲಿದದ್ದನ್ನು ನಂಬಿ ಬೆರಳ ತುದಿಯ ಮೇಲೆ ನಿಲ್ಲುವುದಕ್ಕಾಗುವುದಿಲ್ಲ ಎಂದು ಹೀರೋಯಿನ್ ಜೊತೆ ಕುಣಿಯುವ ಹುಡುಗ ಇಂಗ್ಲಿಷಿನಲ್ಲಿ ವಿವರಿಸಿದ. ನಾನು ಅದನ್ನು ಕನ್ನಡಕ್ಕೆ ತಂದೆ.

"ಇವರೂ ನಮ್ಮವರs ಅದಾರಲ್ರಿ ಬಾಯಾರ," ಅಂದರು ಆಪಾ.

ಅವರು ಒಂದು ಶೂ ಎತ್ತಿ ತುದಿಯನ್ನು ಬೆರಳಲ್ಲಿ ತಟ್ಟಿದರು. ಟಕ್ ಟಕ್. ಒಳಗೆ ಕಟ್ಟಿಗೆ ಇದೆಯೇ ಎಂದು ಕೇಳಿದರು. ಇಲ್ಲ, ಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ, ಎಂದ ಆ ಹುಡುಗ. "ಹಾಂ, ಕಾಲರಿಗೆ ನಾವು ಬಕ್ರಮ್ ಹಾಕ್ತೇವಲ್ಲ, ಹಂಗ," ಎಂದು ತಾವೇ ಮುಗಿಸಿದರು. ಆಮೇಲೆ ಆ ಹುಡುಗಿಯರ ಬರಿಗಾಲು ನೋಡಿದರು. ನಾನೂ ನೋಡಿದೆ. ಬೆರಳಿಗೆಲ್ಲ ಪಟ್ಟಿ, ಒಡೆದ ಗುಳ್ಳೆ, ಕಪ್ಪಿಟ್ಟ ಉಗುರು. ಮುಖ ನೋಡಿದರೆ ಹೂವಿನ ಹಾಗಿರುವ ಹುಡುಗಿಯರಿಗೆ ನಮ್ಮ ಕಬ್ಬು ಕಡಿಯುವ ಆಳುಗಳ ಪಾದ.

ಹೀರೋಯಿನ್ ಹೆಸರು ಲೀದಾ. ರಷ್ಯಾದ ಹುಡುಗಿ. ಅಳು ನುಂಗಿಕೊಂಡು ಕಣ್ಣು ಕೆಂಪಾಗಿತ್ತು. ಅಂಗಿಯ ಬಣ್ಣ ಬೆಳ್ಳಗೂ ಅಲ್ಲ, ಬೂದಿಯೂ ಅಲ್ಲ, ಮಂಜಿನ ಬಣ್ಣ. ಆಪಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ತೀಡಿದರು.

"ಬಟ್ಟಿ ಜೀವ ಬಿಟ್ಟೈತಿ. ಹೊಲಿಗಿ ಹಿಡೀತೈತ್ರಿ, ಬಟ್ಟಿ ಹಿಡೀಬೇಕಲ್ಲ? ಒಳಗ ಅಸ್ತರ ಕೊಡಬೇಕು."

ವಿಜಯೀಂದ್ರ ಪೇಟೆಯಿಂದ ಬಿಳಿ ಲೈನಿಂಗ್ ಬಟ್ಟೆ ತರಿಸುತ್ತೇನೆಂದು ಓಡಿದ. ಆಪಾ ತಡೆದರು. "ಅಂಗಡ್ಯಾಗಿನ ಹೊಸಾ ಅಸ್ತರ ನೀರು ಕಂಡಿಲ್ಲ. ಹುಡುಗಿ ಬೆವರಿದ ಕೂಡ್ಲೆ ಕುಗ್ಗತೈತಿ, ಹೊಲಿಗಿ ಎಳೀತೈತಿ. ರಾತ್ರೆಲ್ಲಾ ನೆನಸಿ ಒಣಗಿಸಿದ್ದು ಬೇಕು." ಹೀಗೆ ಹೇಳಿ ನನ್ನ ಕಡೆ ನೋಡಿದರು. ಆಮೇಲೆ ನನ್ನ ಚೀಲದ ಕಡೆ.

"ನನ್ನದಾ?"

"ಮತ್ಯಾರದು?"

ಹೀಗೆ, ಪ್ರಿಯ ಓದುಗರೇ, ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದ ನನ್ನ ಗಿಳಿಹಸಿರು ಅಸ್ತರ ಮಂಜಿನ ಹುಡುಗಿಯ ಅಂಗಿಯೊಳಗೆ ಸೇರಿತು. ಮೇಲೆ ಕಾಣುವುದಿಲ್ಲ, ಒಳಗೇ ಇರುತ್ತದೆ ಎಂದು ಆಪಾ ಭರವಸೆ ಕೊಟ್ಟರು.

ಹುಕ್ಕುಗಳನ್ನು ನಂಬುವಂತಿರಲಿಲ್ಲ. ಅಂಗಿ ತೊಡಿಸಿ ಮೈಮೇಲೆಯೇ ಹೊಲಿದುಬಿಡಬೇಕು, ಆಟ ಮುಗಿದ ಮೇಲೆ ಬಿಚ್ಚಬೇಕು ಎಂದು ತೀರ್ಮಾನವಾಯಿತು. ಲೀದಾ ಮೂರು ಬೆರಳು ತೋರಿಸಿದಳು. ಮೂರು ಸಲ ಆ ಹುಡುಗ ಅವಳನ್ನು ಎತ್ತುತ್ತಾನೆ. ಮೂರನೆಯದು ಕಷ್ಟದ್ದು, ಎರಡೂ ಕೈ ಮೇಲೆ ಹೋಗುತ್ತವೆ.

ಆಪಾ ಸೂಜಿಗೆ ದಾರ ಪೋಣಿಸಿದರು. ಆದರೆ ಹೊಲಿಯಲಿಲ್ಲ. ನನ್ನನ್ನು ನೋಡಿದರು. ನನಗೆ ಅರ್ಥವಾಯಿತು. ನಮ್ಮ ಅಜ್ಜಿಯದೂ ಇದೇ ಶಾಸ್ತ್ರ. ಮೈಮೇಲಿನ ಬಟ್ಟೆ ಹೊಲಿಯಬಾರದು. ಹೊಲಿಯಲೇಬೇಕೆಂದರೆ ತೊಟ್ಟವರು ಬಾಯಲ್ಲಿ ಒಂದೆಳೆ ದಾರ ಕಚ್ಚಿ ಹಿಡಿಯಬೇಕು. ಮಠದ ಬೀದಿಯ ನಮ್ಮಜ್ಜಿಗೂ ಸವಣೂರಿನ ಆಪಾಗೂ ಈ ವಿಷಯದಲ್ಲಿ ಎಳ್ಳಷ್ಟೂ ಭೇದವಿಲ್ಲ. ಆದರೆ ಇದನ್ನು ಇಂಗ್ಲಿಷಿನಲ್ಲಿ ರಷ್ಯಾದ ಹುಡುಗಿಗೆ ಹೇಗೆ ಹೇಳುವುದು? ಹುಚ್ಚರು ಅಂದುಕೊಳ್ಳುವುದಿಲ್ಲವೇ?

ನಾನು ಶಬ್ದ ಹುಡುಕುತ್ತಿರುವಾಗಲೇ ಲೀದಾ ಡಬ್ಬಿಗೆ ಕೈ ಹಾಕಿದಳು. ಉಂಡೆಯಿಂದ ಒಂದೆಳೆ ದಾರ ಹರಿದುಕೊಂಡಳು. ಹಲ್ಲಿನ ನಡುವೆ ಕಚ್ಚಿ ಹಿಡಿದು ಬೆನ್ನು ತಿರುಗಿಸಿ ನಿಂತಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಯಲ್ಲಿ ದಾರವಿದ್ದುದರಿಂದ ಲೀದಾ ಮಾತಾಡಲಿಲ್ಲ. ಆ ಹುಡುಗನೇ ನಗುತ್ತ ಹೇಳಿದ, ಅವಳ ಅಜ್ಜಿ ಕಲಿಸಿದ್ದಂತೆ, ದಾರ ಕಚ್ಚದೆ ಒಂದು ಗುಂಡಿಯನ್ನೂ ಹಚ್ಚಿಸಿಕೊಳ್ಳುವುದಿಲ್ಲವಂತೆ.

"ಅರೇ ಅಲ್ಲಾ," ಅಂದರು ಆಪಾ, "ಇಕಿ ಅಜ್ಜಿ ಸವಣೂರಾಕೇನ್ರಿ?"

ಸಂಜೆ ಐದೂವರೆಗೆ ಸಭಾಂಗಣ ತುಂಬಿತು. ಮಕ್ಕಳು, ಮುದುಕರು, ಸಂತೆಯ ಚೀಲ ಹಿಡಿದು ಹಾಗೇ ಬಂದವರು. ವಿಜಯೀಂದ್ರ ಮೈಕಿನಲ್ಲಿ ಕಥೆ ಹೇಳಿದ. ಕೆರೆಯ ಮೇಲಿನ ಮಂಜು ಒಂದು ಹುಡುಗಿ. ಮೀನು ಹಿಡಿಯುವವನೊಬ್ಬ ಅವಳನ್ನು ನೋಡಿ ಮರುಳಾಗುತ್ತಾನೆ. ಹಿಡಿದಿಟ್ಟುಕೊಳ್ಳಲು ಮೂರು ಸಲ ಪ್ರಯತ್ನಿಸುತ್ತಾನೆ. ಬೆಳಗಾಗುತ್ತದೆ. ಮಂಜು ಹೋಗುತ್ತದೆ. ಇಷ್ಟೇ. ನಡುವೆ ಸಿಳ್ಳೆ ಬೇಡ, ಫೋನ್ ಬೇಡ, ಮಾತು ಬೇಡ.

ದೀಪ ಆರಿತು. ಸಂಗೀತ ಶುರುವಾಯಿತು.

ನಾನು ಫೋನಿನಲ್ಲಿ ಬ್ಯಾಲೆ ನೋಡಿದ್ದೆ, ನೀವೂ ನೋಡಿರುತ್ತೀರಿ. ಫೋನಿನಲ್ಲಿ ಅವರಿಗೆ ಭಾರವಿರುವುದಿಲ್ಲ. ಎರಡು ಇಂಚಿನ ಬೊಂಬೆಗಳು ಸುತ್ತುತ್ತವೆ, ನಾವು ಬೆರಳಲ್ಲಿ ಮೇಲಕ್ಕೆ ತಳ್ಳುತ್ತೇವೆ. ಇಲ್ಲಿ ಭಾರವಿತ್ತು. ಹಲಗೆಯ ಮೇಲೆ ಶೂ ತುದಿ ಟಕ್ಕೆಂದು ಊರುವುದು ಕೇಳುತ್ತಿತ್ತು. ಅವರ ಉಸಿರು ಕೇಳುತ್ತಿತ್ತು. ತಿರುಗಿದಾಗ ಬೆವರಿನ ಹನಿ ಬೆಳಕಿನಲ್ಲಿ ಹಾರುವುದು ಕಾಣುತ್ತಿತ್ತು. ಒಂದೇ ಕಾಲಿನ ತುದಿಯ ಮೇಲೆ ನಿಂತ ಹುಡುಗಿಯ ಹಿಮ್ಮಡಿ ಸಣ್ಣಗೆ ನಡುಗಿತು, ನಿಂತಿತು. ಅಷ್ಟೆಲ್ಲ ನಡೆಯುವಾಗಲೂ ಮುಖದಲ್ಲಿ ಏನೂ ಆಗದವರ ಶಾಂತಿ.

ಮಧ್ಯಾಹ್ನ ನಾನು ನೋಡಿದ್ದ ಆ ಒಡೆದ ಪಾದಗಳೇ ಇವು? ನಂಬುವುದು ಹೇಗೆ?

ಪುಷ್ಯಮಾಸದಲ್ಲಿ ಹಾನಗಲ್ಲಿನಿಂದ ತಿಳವಳ್ಳಿಯ ಮೊದಲ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಭತ್ತದ ಗದ್ದೆಗಳ ಮೇಲೆ ಮಂಜು ಮಲಗಿರುತ್ತದೆ. ಬಸ್ಸು ಹತ್ತಿರ ಹೋದಂತೆ ಅದು ಏಳುತ್ತದೆ, ಸರಿಯುತ್ತದೆ. ಎಲ್ಲಿ ಹೋಯಿತೆಂದು ನೋಡುವಷ್ಟರಲ್ಲಿ ಹಿಂದೆ ಬಂದು ನಿಂತಿರುತ್ತದೆ. ಆರು ವರ್ಷ ಆ ಬಸ್ಸಿನಲ್ಲಿ ಓಡಾಡಿದ್ದೇನೆ, ಯಾವತ್ತೂ ಅದಕ್ಕೆ ಮೈ ಇದೆ ಅನ್ನಿಸಿರಲಿಲ್ಲ. ಲೀದಾ ಎರಡು ಕೈಗಳನ್ನು ಮೆಲ್ಲಗೆ ಬಿಡಿಸಿ, ಬೆನ್ನು ಬಾಗಿಸಿ ಏಳುವಾಗ ಅನ್ನಿಸಿತು. ಮೇಲೆ ಫ್ಯಾನು ಕಿರುಗುಡುತ್ತಿತ್ತು, ಹಿಂದೆ ಯಾವುದೋ ಮಗು ನೀರು ಕೇಳುತ್ತಿತ್ತು. ಆಮೇಲಾಮೇಲೆ ಅವು ನನಗೆ ಕೇಳಲಿಲ್ಲ. ನಾನು ಎಲ್ಲಿದ್ದೆನೋ ಗೊತ್ತಿಲ್ಲ. ನಿದ್ದೆಯಲ್ಲಿ ಕಂಡದ್ದನ್ನು ಎಚ್ಚರದಲ್ಲಿ ಕಾಣುತ್ತಿದ್ದಂತಿತ್ತು. ಸುಖವಾಗಿತ್ತು, ಯಾಕೋ ಅಳುವೂ ಬರುತ್ತಿತ್ತು.

ಆಗ ಯಾರೋ ನನ್ನ ಮಣಿಕಟ್ಟು ಹಿಂಡಿದರು.

ಆಪಾ! ಕುರ್ಚಿಯ ತುದಿಗೆ ಬಂದು ಕೂತಿದ್ದರು. ಹುಡುಗ ಲೀದಾಳನ್ನು ಎತ್ತಿದ್ದ. ಆಪಾ ಕಣ್ಣು ಒಂದೇ ಜಾಗದ ಮೇಲೆ ನೆಟ್ಟಿತ್ತು, ಅಂಗಿಯ ಎಡ ಮಗ್ಗುಲ ಮೇಲೆ.

"ಒಂದು," ಅಂದರು ಆಪಾ. ಹುಡುಗ ಅವಳನ್ನು ಇಳಿಸಿದ. ಆಪಾ ನನ್ನ ಕೈ ಬಿಟ್ಟರು.

"ಆಪಾ, ಕಾಲು ನೋಡ್ರಿ," ಎಂದು ಪಿಸುಗುಟ್ಟಿದೆ. "ಎಷ್ಟು ಛಂದ ಅದ."

"ನೀವು ನೋಡ್ರಿ. ನನಗ ಕೆಲಸ ಐತಿ."

ಲೀದಾ ಎಡಕ್ಕೆ ಹೋದರೆ ಆಪಾ ಕತ್ತು ಎಡಕ್ಕೆ. ಅವಳು ತಿರುಗಿದರೆ ಆ ಮಗ್ಗುಲು ಮತ್ತೆ ಈ ಕಡೆ ಬರುವವರೆಗೆ ಉಸಿರಿಲ್ಲ. ಹುಡುಗ ಎರಡನೇ ಸಲ ಎತ್ತಿದ. ನನ್ನ ಮಣಿಕಟ್ಟಿನ ಮೇಲೆ ಆಪಾ ಉಗುರು ಮೂಡಿತು. ಮೂರನೆಯದಕ್ಕೆ ಹುಡುಗ ಅವಳನ್ನು ತಲೆಯ ಮೇಲಕ್ಕೆ ಎತ್ತಿದ. ಅವಳ ಎರಡೂ ತೋಳು ಮೇಲೆ ಹೋದವು, ಬೆಳಕು ಕೇಸರಿಗೆ ತಿರುಗಿತು. ಇಡೀ ಸಭಾಂಗಣ ಒಟ್ಟಿಗೆ ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಪಾ ಮಾತ್ರ ಬಾಯಲ್ಲಿ ಏನೋ ಓದಿಕೊಳ್ಳುತ್ತಿದ್ದರು.

ಹೊಲಿಗೆ ತಡೆದುಕೊಂಡಿತು. ಮಂಜು ಕರಗಿತು. ಮೀನುಗಾರ ಬರಿಗೈಯಲ್ಲಿ ಕೂತ. ಮುಗಿಯಿತು.

ಚಪ್ಪಾಳೆ ಮಳೆ ಬಿದ್ದ ಹಾಗೆ ಬಿತ್ತು. ಕುಣಿದವರೆಲ್ಲ ಕೈ ಕೈ ಹಿಡಿದು ಮುಂದೆ ಬಂದು ಬಾಗಿದರು. ಆಪಾ ಒಂದು ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದರು.

"ಮುಗೀತೇನ್ರಿ?"

"ಮುಗೀತ್ರಿ ಆಪಾ. ಒಂದು ಎಳಿ ಬಿಚ್ಚಿಲ್ಲ."

"ಕಡೀಕ ಏನಾತು? ಆ ಹುಡುಗೀಗಿ?"

ನಾನು ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಸಲ ತಿಳಿಯಿತು.

"ನಾ ನೋಡ್ಲೇ ಇಲ್ಲಲ್ರಿ," ಅಂದರು ಮೆಲ್ಲಗೆ.

ಐವತ್ತು ವರ್ಷ ಕಾದು, ಷರತ್ತು ಹಾಕಿ, ಸಾಹೇಬರನ್ನು ಎಬ್ಬಿಸಿ ಕೂತ ಮೊದಲನೇ ಸಾಲು. ಅಲ್ಲಿ ಕೂತು ಅವರು ನೋಡಿದ್ದು ಒಂದು ಗೇಣು ಹೊಲಿಗೆ. ನನಗೆ ನಮ್ಮವ್ವ ನೆನಪಾದಳು. ನನ್ನ ಮದುವೆಯಲ್ಲಿ ಸಾರಿಗೆ ಉಪ್ಪಾಯಿತೇ, ಬೀಗರ ಕಡೆಯ ಅಜ್ಜನಿಗೆ ಬಿಸಿನೀರು ಹೋಯಿತೇ ಎಂದು ಓಡಾಡಿ, ಎರಡು ವಾರದ ಮೇಲೆ ಫೋಟೋ ಬಂದಾಗ ಅದನ್ನು ಬೆಳಕಿಗೆ ಹಿಡಿದು "ಅಕ್ಷತಿ ಬಿದ್ದಾಗ ನೀ ನಕ್ಕಿದ್ದೇನs?" ಎಂದು ಕೇಳಿದ್ದಳು. ಕೆಲಸ ಗೊತ್ತಿರುವವರ ಪಾಡೇ ಇದು. ಅವರ ಕೈ ಇಲ್ಲದೆ ಹಬ್ಬ ನಡೆಯುವುದಿಲ್ಲ, ಹಬ್ಬ ನಡೆಯುವಾಗ ಅವರಿಗೆ ಪುರುಸೊತ್ತಿರುವುದಿಲ್ಲ. ಅವರಿಗೆ ಯಾವ ಮಾತಿನಲ್ಲಿ ಸಮಾಧಾನ ಹೇಳುವುದು?

ನಾನು ಹೇಳಬೇಕಾಗಲಿಲ್ಲ. ಆಪಾ ಎದ್ದು ನಿಂತರು. ಹಿತ್ತಲಿನಲ್ಲಿ ಕೂತು ಕೇಳಿಸಿಕೊಂಡಿದ್ದ ಆ ಎರಡು ಶಬ್ದ ಅವರಿಗೆ ಗೊತ್ತಿತ್ತು. ಮುಂದಿನದನ್ನು ಮೊದಲೇ ಹೇಳಿದ್ದೇನೆ.

"ಒನ್ಸ್ ಮೋರ್!"

ನಮ್ಮ ಸಾಲಿನವರೆಲ್ಲ ತಿರುಗಿ ನೋಡಿದರು. ಕಾಲೇಜು ಹುಡುಗಿಯರು ಬಾಯಿಗೆ ಕರ್ಚೀಫು ಹಿಡಿದರು. ವಿಜಯೀಂದ್ರ ಕೋರ್ಟಿನಲ್ಲಿ ಕೇಸು ಸೋತ ಮುಖ ಮಾಡಿಕೊಂಡ. ಆದರೆ ಹಿಂದಿನ ಬೆಂಚಿನಿಂದ ಒಂದು ಮುದಿ ದನಿ ಎದ್ದಿತು. "ಒನ್ಸ್ ಮೋರ್!" ಇನ್ನೊಂದು. ಮತ್ತೊಂದು. ನಮ್ಮ ಕಡೆಯ ಹಳಬರಿಗೆ ಇದು ಹೊಸದೇ? ಒನ್ಸ್ ಮೋರ್ ಬಂದರೆ ರಂಗದ ಮೇಲೆ ಸತ್ತು ಬಿದ್ದ ನಾಯಕನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು. ಇನ್ನು ಮಂಜಿನದೇನು ಮಹಾ? ನೋಡನೋಡುತ್ತ ಅರ್ಧ ಸಭಾಂಗಣ ಕೂಗತೊಡಗಿತು.

ವಿಜಯೀಂದ್ರ ಓಡಿಬಂದ. "ಆಪಾ, ಕುಂದರ್ರಿ, ಇದಕ್ಕ ಹಂಗ ಅನಬಾರದ್ರಿ. ಅವರು ದಣದಾರ."

ಆದರೆ ಆ ಶಬ್ದಗಳಿಗೆ ಅನುವಾದ ಬೇಕಿರಲಿಲ್ಲವಲ್ಲ! ಲೀದಾಗೆ ತಿಳಿದಿತ್ತು. ಅವಳು ನಕ್ಕು ತನ್ನ ಜೊತೆಯವನ ಕಡೆ ನೋಡಿದಳು. ಅವನು ಸೊಂಟದ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದ. (ಮೂರು ಸಲ ಎತ್ತಿದವನ ಕಷ್ಟ ಎತ್ತಿದವನಿಗೇ ಗೊತ್ತು.) ಲೀದಾ ಸಂಗೀತ ಹಾಕುವವನಿಗೆ ಏನೋ ಸನ್ನೆ ಮಾಡಿದಳು. ಒಬ್ಬಳೇ ನಡುವೆ ಬಂದಳು. ಶುರು ಮಾಡುವ ಮೊದಲು ಆಪಾ ಕಡೆ ತಿರುಗಿ ಎಡಗೈ ಎತ್ತಿ ಮಗ್ಗುಲು ತೋರಿಸಿದಳು. ನೋಡು, ಗಟ್ಟಿಯಾಗಿದೆ, ಅನ್ನುವ ಹಾಗೆ.

ಆಪಾ ಸಾಕು ಸಾಕು ಎಂದು ಕೈ ಆಡಿಸಿದರು. ಕುಣಿ ನೀನು, ಅನ್ನುವ ಹಾಗೆ.

ಬೆಳಗಿನ ಜಾವದ ಆ ಕೊನೆಯ ಭಾಗವನ್ನು ಅವಳು ಎರಡು ನಿಮಿಷ ಕುಣಿದಳು. ಅವಳು ಕೈ ಎತ್ತಿ ಮಗ್ಗುಲು ತೋರಿಸಿದಾಗಲೇ ನನ್ನ ಕಣ್ಣು ಆ ಹೊಲಿಗೆಗೆ ಅಂಟಿತ್ತು. ಒಂದು ಎಳೆ ನೂಲು ಹೊರಗೆ ಬಂದಿತ್ತು. ಎರಡನೇ ಸುತ್ತಿಗೆ ಹರಕು ಶುರುವಾಯಿತು. ಮೂರನೆಯದಕ್ಕೆ ಜೀವ ಬಿಟ್ಟಿದ್ದ ಬಟ್ಟೆ ನಾಲ್ಕು ಬೆರಳಷ್ಟು ಬಾಯಿ ಬಿಟ್ಟಿತು. ಒಳಗಿನಿಂದ ಗಿಳಿಹಸಿರು ಹೊರಗಿಣುಕಿತು.

ಅಸ್ತರವೂ ಹರಿದರೆ? ಇಷ್ಟು ಜನರ ಎದುರು ಆ ಹುಡುಗಿಯ ಗತಿ? ಈ ಸಲ ಮಣಿಕಟ್ಟು ಹಿಂಡಿದವಳು ನಾನು. ಆಪಾ ಅತ್ತ ನೋಡಲೂ ಇಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಸುಮ್ಕಿರ್ರಿ ಬಾಯಾರ. ನೋಡಾಕ ಬಿಡ್ರಿ."

ಅವರ ಬಾಯಿ ಅರ್ಧ ತೆರೆದಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನೆಲಕ್ಕೆ ಊರಿದ್ದ ಅವರ ಎರಡೂ ಪಾದ ತುದಿ ಹಿಮ್ಮಡಿ, ತುದಿ ಹಿಮ್ಮಡಿ ಎಂದು ಮಷಿನ್ ತುಳಿಯುವಂತೆ ಆಡುತ್ತಿದ್ದವು.

ಅಸ್ತರ ಹರಿಯಲಿಲ್ಲ. ನೀರು ಕಂಡ ಅಸ್ತರ, ಬೆವರಿಗೆ ಜಗ್ಗಲಿಲ್ಲ. ಮಂಜು ಸರಿದಾಗ ಕೆಳಗೆ ಭತ್ತದ ಸಸಿ ಕಾಣುತ್ತದಲ್ಲ, ಹಾಗೆ ಆ ಹಸಿರು ಕಂಡೂ ಕಾಣದಂತೆ ಸುಳಿಯಿತು. (ಹಿಂದಿನ ಸಾಲಿನ ಸಾಹೇಬರು ವಿಜಯೀಂದ್ರನಿಗೆ ಆಮೇಲೆ ಹೇಳಿದರಂತೆ, "ಮಂಜಿನೊಳಗ ಹಸಿರು ತೋರಿಸಿದ್ದು ಭಾರೀ ಆಳ ಐತ್ರಿ.")

ಗ್ರೀನ್ ರೂಮಿನಲ್ಲಿ ಆಪಾ ಹೊಲಿಗೆ ಬಿಚ್ಚಲು ಕತ್ತರಿ ತೆಗೆದಾಗ ಹಸಿರು ನೋಡಿ ಬೆಚ್ಚಿದರು.

"ಇದು ಯಾವಾಗ ಹರೀತ್ರಿ?"

"ಒನ್ಸ್ ಮೋರಿನಾಗ."

ನಾನು ಅವರ ಮುಖವನ್ನೇ ನೋಡುತ್ತಿ‌ದ್ದೆ. ಬ್ಲೌಸಿನ ತೋಳು ಕಾಲು ಇಂಚು ಹೆಚ್ಚುಕಡಿಮೆಯಾದರೆ ಊಟ ಬಿಡುವ ಹೆಂಗಸು. ಆಪಾ ಹರಿದ ಜಾಗವನ್ನು ಬೆರಳಿನಿಂದ ಸವರಿದರು, ಆಮೇಲೆ ನಕ್ಕರು.

"ಹರೀಲಿ ಬಿಡ್ರಿ. ನಾ ಕಾಲು ನೋಡಾಕತ್ತಿದ್ದೆ."

ವಾಪಸು ಬರುವಾಗ ಬಂಕಾಪುರದ ಹೊಲಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಆಗ ಆಪಾ ಶುರು ಮಾಡಿದರು. ಹೋಗೂಮುಂದ ಆ ಹುಡುಗಿ ಒಂದು ಕಾಲು ನೆಲದ ಮ್ಯಾಲೆ ಗೆರಿ ಬರದಂಗ ಎಳದ್ಲಲ್ರಿ. ಕಡೀಕ ಬೆಳಕು ಬಂದಾಗ ಕೈ ಹಿಂಗ ಮಾಡಿದ್ಲಲ್ರಿ. ಬಿಸ್ಕೀಟಿನ ಡಬ್ಬಿ ಕೆಳಗಿಟ್ಟು, ನನ್ನ ಹಳೇ ಕಾರಿನ ಇಕ್ಕಟ್ಟಿನಲ್ಲಿ ಎರಡೂ ಕೈ ಬಿಡಿಸಿ ತೋರಿಸಿದರು. ಸವಣೂರು ಬರುವವರೆಗೆ ಆ ಎರಡು ನಿಮಿಷವನ್ನು ಹೇಳುತ್ತಲೇ ಇದ್ದರು. ಒಂದು ಬೆರಳಿನ ಆಟವನ್ನೂ ಮರೆತಿರಲಿಲ್ಲ.

"ಒಮ್ಮೆ ತಿರುಗಿ ನಮ್ಮ ಕಡೆ ನೋಡಿ ನಕ್ಕಳಲ್ರಿ, ಆವಾಗಂತೂ… ನೀವೂ ನೋಡಿದ್ರಲ್ಲ?"

"ಹೂಂರಿ ಆಪಾ," ಅಂದೆ.

ಸುಳ್ಳು. ಆ ಎರಡು ನಿಮಿಷ ನಾನು ನೋಡಿದ್ದು ನಾಲ್ಕು ಬೆರಳು ಹರಕು ಅಷ್ಟೇ.

ಈಗ ಒನ್ಸ್ ಮೋರ್ ಎಂದು ನಾನು ಯಾರಿಗೆ ಕೂಗಲಿ?